ಹಿಂದಿನ ವಾಕ್ಯ ಓದಿದ್ದೀರಾ?

ಇದನ್ನು ಬರೆಯಬೇಕು ಅಂದುಕೊಂಡು ತಿಂಗಳುಗಳೇ ಆದವು. ಬರೆದರೆ ಊರಿನವರಿಗೂ ಬೇಜಾರು, ಆಫೀಸಿನವರಿಗೂ ಬೇಜಾರು ಅಂತ ಸುಮ್ಮನಿದ್ದೆ. ಹೋದ ವಾರ ಒಂದೇ ಬೆಳಿಗ್ಗೆ ಮೊಬೈಲಿಗೆ ಎರಡು ಮೆಸೇಜ್ ಬಂದವು. ಒಂದು ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ. ಸೂರ್ಯ ಹುಟ್ಟುವ ಚಿತ್ರ, ಅದರ ಮೇಲೆ ಯಾಕೋಬನ ಪತ್ರದ 5ನೇ ಅಧ್ಯಾಯದ 15ನೇ ವಾಕ್ಯ. ವಿಶ್ವಾಸವಿಟ್ಟು ಮಾಡಿದ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ ಅನ್ನುವ ಅರ್ಥದ್ದು. ಇನ್ನೊಂದು, ಎಚ್.ಡಿ. ಕೋಟೆ ಕಡೆಯ ನನ್ನ ಸಹೋದ್ಯೋಗಿ ಕಳಿಸಿದ್ದು. ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, ಲೂಕನ 19ನೇ ಅಧ್ಯಾಯದ 27ನೇ ವಾಕ್ಯ. ನಾನು ಅರಸನಾಗುವುದು ಬೇಡ ಅಂದ ವೈರಿಗಳನ್ನು ಹಿಡಿದು ತಂದು ನನ್ನೆದುರೇ ಕೊಲ್ಲಿ ಅನ್ನುವ ಅರ್ಥದ್ದು. ಅದರ ಕೆಳಗೆ, "ಇದೇನಾ ಗುರೂ ನಿಮ್ಮ ಶಾಂತಿ?" ಅಂತ ಒಂದು ಪ್ರಶ್ನೆ.

ಒಂದು ಕಳಿಸಿದ್ದು ಭಕ್ತರು, ಇನ್ನೊಂದು ಕಳಿಸಿದ್ದು ಭಕ್ತರನ್ನು ಕಂಡರಾಗದವನು. ಆದರೆ ಎರಡೂ ಕಡೆ ಕತ್ತರಿ ಒಂದೇ. ಸಾವಿರಾರು ವಾಕ್ಯಗಳ ಪುಸ್ತಕದಿಂದ ಒಂದೇ ಒಂದನ್ನು ಕತ್ತರಿಸಿ, ಯಾರು ಹೇಳಿದರು, ಯಾರಿಗೆ ಹೇಳಿದರು, ಅದಕ್ಕೆ ಮೊದಲು ಏನಿತ್ತು ಅನ್ನುವುದನ್ನೆಲ್ಲ ಬಿಸಾಕಿ, ಉಳಿದದ್ದನ್ನು ಹಣೆಗೆ ಅಂಟಿಸುವುದು. ಇದು ಬೈಬಲ್ ಓದುವುದಲ್ಲ, ಬೈಬಲ್‌ನಿಂದ ಕಲ್ಲು ಹೆಕ್ಕುವುದು. ಒಬ್ಬ ತನ್ನ ಕಿಸೆ ತುಂಬಿಸಿಕೊಳ್ಳೋಕೆ ಹೆಕ್ಕುತ್ತಾನೆ, ಇನ್ನೊಬ್ಬ ಪಕ್ಕದ ಮನೆಗೆ ಎಸೆಯೋಕೆ ಹೆಕ್ಕುತ್ತಾನೆ.

ನನಗ್ಯಾಕೆ ಇಷ್ಟು ಸಿಟ್ಟು ಅಂತ ಹೇಳಿಬಿಡುತ್ತೇನೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಕಥೋಲಿಕರ ಮನೆ, ಹೊಗೆಸೊಪ್ಪು ಬೆಳೆಯುವವರು. ನಾನು ಪಿಯುಸಿ ಓದಿದ್ದು ಹುಣಸೂರಿನಲ್ಲಿ, ಎಂಜಿನಿಯರಿಂಗ್ ಮೈಸೂರಿನಲ್ಲಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನನ್ನು ಅರ್ಧ ಸಾಕಿದವಳು ದೊಡ್ಡಮ್ಮ. ಚಿಕ್ಕವನಿದ್ದಾಗ ಪ್ರತಿ ಜೂನ್ 13ಕ್ಕೆ ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಗೆ, ಸಂತ ಅಂತೋಣಿಯವರ ಹಬ್ಬಕ್ಕೆ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳು. ದೊಡ್ಡಪ್ಪ ತೀರಿಕೊಂಡ ಮೇಲೆ ಒಂಟಿಯಾದಳು. ಊರಿನಲ್ಲಿ ಒಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಶುರುವಾಗಿತ್ತು, ಅಲ್ಲಿಗೆ ಹೋಗತೊಡಗಿದಳು. ಹೋಗಲಿ ಬಿಡಿ, ನಾಲ್ಕು ಜನ ಸೇರಿ ಹಾಡುತ್ತಾರೆ, ಅವಳ ಕಷ್ಟ ಕೇಳುತ್ತಾರೆ, ನಾವು ಬೆಂಗಳೂರಿನಲ್ಲಿ ಕೂತವರು ಅದನ್ನೂ ಮಾಡಿರಲಿಲ್ಲ. ಬೋಧನೆಗೆ ಬರುತ್ತಿದ್ದವರು ಯಾರು, ಯಾವ ಸಭೆಯವರು ಅನ್ನುವುದು ಇಲ್ಲಿ ಬೇಡ. ಅವರು ಒಂದು ದಿನ ಅವಳಿಗೆ ಯಾಕೋಬನ ಆ ವಾಕ್ಯ ಓದಿ ಹೇಳಿದರು. ವಿಶ್ವಾಸ ಇದ್ದರೆ ಮಾತ್ರೆ ಯಾಕಮ್ಮಾ ಅಂತ ಕೇಳಿದರು. ದೊಡ್ಡಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ಬಿಟ್ಟಳು. ನಮಗೆ ಯಾರಿಗೂ ಹೇಳಲಿಲ್ಲ. ಹೊಲದಲ್ಲಿ ಬರಿಗಾಲಲ್ಲಿ ಓಡಾಡುವಾಗ ಕಾಲಿಗೆ ಏನೋ ಚುಚ್ಚಿ ಗಾಯವಾಯಿತು. ಮಾಯಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಎರಡು ಬೆರಳು ಕಪ್ಪಾಗಿದ್ದವು. ತೆಗೆದರು.

ಆಸ್ಪತ್ರೆಯ ಮಂಚದ ಮೇಲೆ ಅವಳು ಹೇಳಿದ ಮಾತು ನನಗೆ ಬೆರಳಿಗಿಂತ ಜಾಸ್ತಿ ನೋವು ಕೊಟ್ಟಿತು. "ನನ್ ವಿಶ್ವಾಸ ಸಾಲ್ದೆ ಹೋಯ್ತು ಕಣ್ ಮಗ."

ಅವತ್ತು ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಕೂತು ಮೊಬೈಲಿನಲ್ಲಿ ಯಾಕೋಬನ ಪತ್ರ ಇಡೀ ಓದಿದೆ. ಐದೇ ಅಧ್ಯಾಯ, ಅರ್ಧ ಗಂಟೆ ಸಾಕು. ಆ 15ನೇ ವಾಕ್ಯಕ್ಕೆ ನಾಲ್ಕೇ ವಾಕ್ಯ ಹಿಂದೆ, 11ನೇಯದರಲ್ಲಿ ಯೋಬನ ಹೆಸರಿದೆ. ಯೋಬ ಯಾರು? ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನು. ಅವನಿಗೆ ಕಾಯಿಲೆ ಬಂದದ್ದು ವಿಶ್ವಾಸ ಕಡಿಮೆಯಾಗಿ ಅಲ್ಲ. ನಿನ್ನದೇ ತಪ್ಪು ಅಂದ ಅವನ ಗೆಳೆಯರ ಮೇಲೆ ದೇವರಿಗೇ ಸಿಟ್ಟು ಬಂತು ಅಂತ ಆ ಕಥೆ ಮುಗಿಯುತ್ತದೆ. ಅಂದರೆ ಯಾಕೋಬ, ರೋಗಿಗೆ ಪ್ರಾರ್ಥನೆ ಮಾಡಿ ಅನ್ನುವುದಕ್ಕೆ ಮೊದಲು ಯೋಬನನ್ನು ನೆನಪಿಸಿಕೊಳ್ಳಿ ಅಂದಿದ್ದಾನೆ. ಬೋಧಕರು ಆ ನಾಲ್ಕು ವಾಕ್ಯ ಹಾರಿಸಿ ಯೋಬನ ಗೆಳೆಯರ ಕೆಲಸ ಮಾಡಿದರು!

ಒಂದು ವಾಕ್ಯ ಹಿಂದೆ, 14ನೇಯದರಲ್ಲಿ, ಸಭೆಯ ಹಿರಿಯರು ರೋಗಿಗೆ ಎಣ್ಣೆ ಹಚ್ಚಬೇಕು ಅಂತಿದೆ. ಆ ಕಾಲಕ್ಕೆ ಎಣ್ಣೆ ಬರೀ ಶಾಸ್ತ್ರಕ್ಕಲ್ಲ, ಔಷಧಿಯೂ ಹೌದು. ಲೂಕನ 10ನೇ ಅಧ್ಯಾಯದ ಒಳ್ಳೆಯ ಸಮಾರಿಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ಅದೇ ಯಾಕೋಬ 2ನೇ ಅಧ್ಯಾಯದಲ್ಲಿ, ಹಸಿದವನಿಗೆ ಬಟ್ಟೆಯಿಲ್ಲದವನಿಗೆ ಏನೂ ಕೊಡದೆ ಬರೀ ಒಳ್ಳೆ ಮಾತು ಹೇಳಿ ಕಳಿಸಿದರೆ ಏನು ಬಂತು ಅಂತ ಬೈದಿದ್ದಾನೆ. ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಪದೇ ಪದೇ ಬರುವ ಕಾಯಿಲೆಗೆ, ಹೊಟ್ಟೆಗೆ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದಿದ್ದಾನೆ. ನಿನ್ನ ವಿಶ್ವಾಸ ಸಾಲದು ಅನ್ನಲಿಲ್ಲ. ಪೌಲನ ಜೊತೆಯಲ್ಲಿದ್ದ ಲೂಕನೇ ವೈದ್ಯ, ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿದೆ. ನಮ್ಮ ಕಥೋಲಿಕರ ಬೈಬಲ್‌ನಲ್ಲಂತೂ ಸಿರಾಖನ ಗ್ರಂಥದ 38ನೇ ಅಧ್ಯಾಯ ಶುರುವಾಗುವುದೇ ವೈದ್ಯರಿಗೆ ಮರ್ಯಾದೆ ಕೊಡಿ ಅಂತ. ಪ್ರಾರ್ಥನೆಯನ್ನೂ ಮಾಡು, ವೈದ್ಯನಿಗೂ ಜಾಗ ಬಿಡು ಅಂತ ಎರಡನ್ನೂ ಒಟ್ಟಿಗೇ ಹೇಳುತ್ತದೆ.

ಇಷ್ಟೆಲ್ಲ ಇರುವ ಪುಸ್ತಕದಿಂದ ಒಂದು ವಾಕ್ಯ ಕಿತ್ತು ಎರಡು ಬೆರಳು ತೆಗೆಸಿದರು.

ಈ ವಾಕ್ಯದ ನಂಬರುಗಳ ಕಥೆಯನ್ನೂ ಹೇಳಬೇಕು. ಮೂಲದಲ್ಲಿ ನಂಬರೇ ಇರಲಿಲ್ಲ. ಯಾಕೋಬ ಬರೆದದ್ದು ಪತ್ರ, 5:15 ಅಂತ ಹಾಕಿಕೊಂಡು ಯಾರೂ ಪತ್ರ ಬರೆಯುವುದಿಲ್ಲ. ಅಧ್ಯಾಯಗಳನ್ನು ಭಾಗ ಮಾಡಿದ್ದು 13ನೇ ಶತಮಾನದ ಸುಮಾರಿಗೆ, ಸ್ಟೀಫನ್ ಲ್ಯಾಂಗ್ಟನ್ ಅನ್ನುವವರು ಮಾಡಿದ್ದು ಅನ್ನುತ್ತಾರೆ. ಹೊಸ ಒಡಂಬಡಿಕೆಗೆ ಇವತ್ತಿನ ವಾಕ್ಯ ಸಂಖ್ಯೆ ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಅನ್ನುವ ಮುದ್ರಕರು. ಅಂದರೆ ಈ ನಂಬರುಗಳು ನಮ್ಮ ಪ್ರೋಗ್ರಾಂನ ಲೈನ್ ನಂಬರ್ ಇದ್ದ ಹಾಗೆ. ಜಾಗ ಹುಡುಕೋಕೆ ಇರುವಂಥವು, ಅರ್ಥ ಹೇಳೋಕಲ್ಲ. 212ನೇ ಲೈನ್ ಒಂದನ್ನೇ ತೋರಿಸಿ ಈ ಪ್ರೋಗ್ರಾಂ ಏನು ಮಾಡುತ್ತೆ ಹೇಳು ಅಂದರೆ ಯಾವ ಎಂಜಿನಿಯರೂ ನಗುತ್ತಾನೆ.

ನಾನೂ ನಗೆಪಾಟಲಾಗಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿ ಎರಡು ಗಂಟೆಗೆ ಲಾಗ್ ಫೈಲಿನಲ್ಲಿ ಎಲ್ಲ ದಾಖಲೆಗಳೂ ಅಳಿಸಿಹೋದವು ಅನ್ನುವ ಒಂದು ಸಾಲು ನೋಡಿ, ಮಲಗಿದ್ದ ಮ್ಯಾನೇಜರನ್ನೆಲ್ಲ ಎಬ್ಬಿಸಿಬಿಟ್ಟೆ. ಅದರ ಹಿಂದಿನ ಸಾಲಿನಲ್ಲಿ ಇದು ಟೆಸ್ಟ್ ಡೇಟಾಬೇಸ್ ಅಂತ ಇತ್ತು. ಒಂದು ಸಾಲು ಮೇಲೆ ನೋಡಿದ್ದರೆ ಎಲ್ಲರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು :)

ಕನ್ನಡದಲ್ಲಿ ಈ ಅಪಾಯ ಇನ್ನೂ ಜಾಸ್ತಿ, ಯಾಕಂದರೆ ನಮ್ಮ ಮಾತಿನ ತೀರ್ಮಾನ ಕೊನೆಯ ಪದದಲ್ಲಿರುತ್ತದೆ. "ಮಾತ್ರೆ ಬಿಡು ಅಂತ ನಾನು ಹೇಳಲಿಲ್ಲ." ಇದರಲ್ಲಿ ಮೊದಲ ಎರಡು ಪದ ಮಾತ್ರ ಕತ್ತರಿಸಿ ವಾಟ್ಸಾಪಿಗೆ ಹಾಕಿ ನೋಡಿ!

ಇನ್ನು ದುಡ್ಡಿನ ವಿಚಾರ. ಹೊಗೆಸೊಪ್ಪಿನ ಹರಾಜಿನ ದುಡ್ಡು ಅಕೌಂಟಿಗೆ ಬಂದ ವಾರವೇ ದೊಡ್ಡಮ್ಮನಿಗೆ ಇನ್ನೊಂದು ವಾಕ್ಯ ಸಿಕ್ಕಿತ್ತು. ಮಲಾಕಿ 3ನೇ ಅಧ್ಯಾಯ, 10ನೇ ವಾಕ್ಯ. ದಶಮಾಂಶ ತಂದುಕೊಡಿ, ಆಕಾಶದ ಬಾಗಿಲು ತೆರೆದು ಆಶೀರ್ವಾದ ಸುರಿಸುತ್ತೇನೆ ಅನ್ನುವ ಅರ್ಥದ್ದು. ಗೊಬ್ಬರದ ಸಾಲ, ಬ್ಯಾರನ್‌ಗೆ ಸೌದೆ ತಂದ ಸಾಲ ಎಲ್ಲ ಹಾಗೇ ಇತ್ತು, ಇವಳು ಹತ್ತರಲ್ಲಿ ಒಂದು ಭಾಗ ಎಣಿಸಿ ಕೊಟ್ಟಳು. ಈಗ ಅದೇ ಅಧ್ಯಾಯದಲ್ಲಿ ಐದು ವಾಕ್ಯ ಹಿಂದೆ ಹೋಗಿ. 5ನೇಯದರಲ್ಲಿ, ಕೂಲಿಯವನ ಕೂಲಿಯಲ್ಲಿ ಮೋಸ ಮಾಡುವವರ, ವಿಧವೆಯರನ್ನೂ ತಬ್ಬಲಿಗಳನ್ನೂ ಹಿಂಸಿಸುವವರ ವಿರುದ್ಧ ದೇವರೇ ಸಾಕ್ಷಿ ಹೇಳಲು ಬರುತ್ತಾನೆ ಅಂತಿದೆ. ಒಂದು ಅಧ್ಯಾಯ ಹಿಂದೆ, 2ನೇಯದರ ಮೊದಲ ವಾಕ್ಯದಲ್ಲೇ, ಈ ಎಚ್ಚರಿಕೆ ಪೂಜಾರಿಗಳಾದ ನಿಮಗೆ ಅಂತಿದೆ. ದಶಮಾಂಶ ಯಾರಿಗೆ ಸೇರಬೇಕು ಅಂತ ಬೇಕಾದರೆ ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಕೊನೆ ನೋಡಿ. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಕೂಡಿಡಬೇಕು, ಸ್ವಂತ ಭೂಮಿಯಿಲ್ಲದ ಲೇವಿಯರು, ಪರದೇಶಿಗಳು, ತಬ್ಬಲಿಗಳು, ವಿಧವೆಯರು ಹೊಟ್ಟೆ ತುಂಬ ಉಣ್ಣಬೇಕು. ಅಂದರೆ ದಶಮಾಂಶ ತಿನ್ನಬೇಕಾದವರ ಪಟ್ಟಿಯಲ್ಲಿ ವಿಧವೆಯಾದ ನಮ್ಮ ದೊಡ್ಡಮ್ಮ ಇದ್ದಾಳೆ. ಇವರು ಅವಳಿಂದಲೇ ವಸೂಲಿ ಮಾಡಿದರು.

ಕಾಣಿಕೆ ಎತ್ತುವಾಗ ಎಲ್ಲ ಕಡೆ ಹೇಳುವ ಬಡ ವಿಧವೆಯ ಎರಡು ಕಾಸಿನ ಕಥೆಯೂ ಹೀಗೇ. ಮಾರ್ಕ 12, 41ರಿಂದ 44. ಇದನ್ನು ನಾನು ನಮ್ಮ ಚರ್ಚುಗಳಲ್ಲೂ ಕೇಳಿದ್ದೇನೆ, ಹಾಗಾಗಿ ಯಾವುದೋ ಒಂದೇ ಸಭೆಯ ಮೇಲೆ ಹೇಳುತ್ತಿಲ್ಲ. ಹಿಂದಿನ ವಾಕ್ಯ, 40ನೇಯದು, ಏನು ಹೇಳುತ್ತೆ? ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆ ನುಂಗುವ ಧರ್ಮಶಾಸ್ತ್ರಿಗಳಿಗೆ ಹೆಚ್ಚಿನ ಶಿಕ್ಷೆ ಕಾದಿದೆ ಅನ್ನುತ್ತದೆ. ಮುಂದಿನ ಅಧ್ಯಾಯ ಶುರುವಾಗುತ್ತಿದ್ದಂತೆ ಯೇಸು, ಈ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂದುಬಿಡುತ್ತಾನೆ. ವಿಧವೆಯರ ಮನೆ ನುಂಗುವವರು, ಇದ್ದದ್ದೆಲ್ಲ ಹಾಕಿ ಬರಿಗೈಯಾದ ವಿಧವೆ, ಉರುಳಿ ಬೀಳುವ ದೇವಾಲಯ. ಮೂರನ್ನೂ ಸಾಲಾಗಿ ಓದಿ. ಯೇಸು ಅವಳನ್ನು ಹೊಗಳಿದ್ದು ನಿಜ. ಆದರೆ ಅವಳ ಕೊನೆಯ ಕಾಸನ್ನೂ ಹಾಕಿಸಿಕೊಂಡ ವ್ಯವಸ್ಥೆಯನ್ನು ಹೊಗಳಲಿಲ್ಲ.

ಇದನ್ನೆಲ್ಲ ಆ ಬೋಧಕರ ಹತ್ತಿರ ಕೇಳಿದೆ. ಉತ್ತರವಾಗಿ ಎರಡು ವಾಕ್ಯ ಬಂದವು. ಒಂದು, ತೀರ್ಪು ಮಾಡಬೇಡಿ ಅನ್ನುವ ಮತ್ತಾಯ 7:1. ಅದೇ ಅಧ್ಯಾಯದ 15ನೇಯದರಲ್ಲಿ ಕುರಿಯ ವೇಷದಲ್ಲಿ ಬರುವ ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರವಾಗಿರಿ ಅಂತಿದೆ. ಯಾರನ್ನೂ ಅಳೆಯದೆ ಎಚ್ಚರವಾಗಿರುವುದು ಹೇಗೆ ಸ್ವಾಮಿ? ಇನ್ನೊಂದು, ದೇವರ ಅಭಿಷಿಕ್ತರ ತಂಟೆಗೆ ಹೋಗಬಾರದು ಅನ್ನುವ 105ನೇ ಕೀರ್ತನೆಯ 15ನೇ ವಾಕ್ಯ. ಮನೆಗೆ ಬಂದು ತೆಗೆದು ನೋಡಿದೆ. ಮೂರು ವಾಕ್ಯ ಹಿಂದಿನಿಂದ ಅಲ್ಲಿ ನಡೆಯುತ್ತಿರುವುದು ಬೆರಳೆಣಿಕೆಯ ಜನ ಪರದೇಶಿಗಳಾಗಿ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಕಥೆ. ಅಂಥವರನ್ನು ಮುಟ್ಟಬೇಡಿ ಅಂತ ದೇವರು ಗದರಿಸಿದ್ದು ರಾಜರನ್ನು. ದಿಕ್ಕಿಲ್ಲದವರನ್ನು ಅಧಿಕಾರ ಇರುವವರಿಂದ ಕಾಪಾಡೋಕೆ ಇರುವ ಮಾತನ್ನು, ಅಧಿಕಾರ ಇರುವವರನ್ನು ದಿಕ್ಕಿಲ್ಲದವರ ಪ್ರಶ್ನೆಯಿಂದ ಕಾಪಾಡೋಕೆ ಬಳಸಿದರೆ ಅದಕ್ಕೆ ಏನನ್ನಬೇಕು? ತಪ್ಪಾಗಿ ಓದಿದ್ದು ಅಂತಲೂ ಹೇಳಲಾಗದು. ತಿರುವುಮುರುವಾಗಿ ಓದಿದ್ದು.

ಈಗ ನನ್ನ ಎಚ್.ಡಿ. ಕೋಟೆ ಗೆಳೆಯನ ಕಡೆ ಬರುತ್ತೇನೆ. ಇಲ್ಲಿಯವರೆಗೆ ಓದಿ ಅವನಿಗೆ ಖುಷಿಯಾಗಿರುತ್ತೆ, ಗೊತ್ತು. ಅವನ ಸಿಟ್ಟಿಗೆ ಕಾರಣ ಇದೆ. ಕಾಯಿಲೆ ವಾಸಿ ಮಾಡ್ತೀವಿ ಅಂತ ಬರುವವರನ್ನು ಅವನು ತನ್ನೂರ ಕಡೆ ನೋಡಿದ್ದಾನೆ. ಆ ವಿಷಯದಲ್ಲಿ ನಾನು ಅವನ ಪಕ್ಕದಲ್ಲೇ ನಿಲ್ಲುತ್ತೇನೆ, ದೊಡ್ಡಮ್ಮನ ಕಾಲಿನ ಆಣೆ. ಆದರೆ ಗುರೂ, ನೀನು ಕಳಿಸಿದ ವಾಕ್ಯ ಯೇಸುವಿನ ಆಜ್ಞೆ ಅಲ್ಲ. ಅದು ಒಂದು ಕಥೆಯೊಳಗಿನ ಅರಸನ ಮಾತು. 11ನೇ ವಾಕ್ಯದಲ್ಲಿ ಯೇಸು ಒಂದು ಸಾಮತಿ ಹೇಳಿದ ಅಂತ ಶುರುವಾಗಿ 27ಕ್ಕೆ ಆ ಸಾಮತಿ ಮುಗಿಯುತ್ತದೆ. ನೀನು ಹೆಕ್ಕಿದ್ದು ಅದರ ಕೊನೆಯ ಸಾಲು. ನಾಟಕದಲ್ಲಿ ದುರ್ಯೋಧನನ ಪಾತ್ರಧಾರಿ ಆಡಿದ ಮಾತಿಗೆ ನಾಟಕ ಬರೆದವರ ಮೇಲೆ ಕೇಸು ಹಾಕ್ತೀಯಾ? ಆ ಕಥೆ ಹೇಳಿದವನು ಕತ್ತೆಮರಿ ಹತ್ತಿ ಊರಿನ ಕಡೆ ಹೊರಟ, 41ನೇ ವಾಕ್ಯಕ್ಕೆ ಬರುವಾಗ ಆ ಊರನ್ನು ನೋಡಿ ಅಳುತ್ತಿದ್ದಾನೆ. ಹದಿನಾಲ್ಕು ವಾಕ್ಯ ಮುಂದೆ ಓದಿದ್ದರೆ ನಿನಗೂ ಸಿಗುತ್ತಿತ್ತು.

ತಂದೆ ತಾಯಿಯನ್ನು ದ್ವೇಷಿಸಬೇಕು ಅನ್ನುವ ಲೂಕ 14:26 ಕೂಡ ಆಗಾಗ ಬರುತ್ತದೆ. ಮತ್ತಾಯ 10:37ರಲ್ಲಿ ಇದೇ ಮಾತು, ನನಗಿಂತ ಹೆಚ್ಚಾಗಿ ಅವರನ್ನು ಪ್ರೀತಿಸುವವನು ಅನ್ನುವ ರೂಪದಲ್ಲಿದೆ. ಯಾವುದಕ್ಕೆ ಮೊದಲ ಸ್ಥಾನ ಅನ್ನುವ ಪ್ರಶ್ನೆ ಅದು. ದೇವರಿಗೆ ಕೊಟ್ಟುಬಿಟ್ಟೆ ಅಂತ ನೆವ ಹೇಳಿ ಅಪ್ಪ ಅಮ್ಮನಿಗೆ ಅನ್ನ ಹಾಕದವರನ್ನು ಯೇಸು ಮಾರ್ಕನ 7ನೇ ಅಧ್ಯಾಯದಲ್ಲಿ ಹಿಗ್ಗಾಮುಗ್ಗಾ ಬೈದಿದ್ದಾನೆ. ಶಿಲುಬೆಯ ಮೇಲೆ ಸಾಯುತ್ತಿರುವಾಗಲೂ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿ ಹೋದ. ಇದನ್ನು ಬಿಟ್ಟು ಅದೊಂದನ್ನೇ ಹಿಡಿದರೆ ಬೋಧಕರಿಗೂ ನಿನಗೂ ಏನು ವ್ಯತ್ಯಾಸ?

ಇದೇ ಕತ್ತರಿಯನ್ನು ಕ್ರೈಸ್ತರ ಕೈಯಲ್ಲೂ ನೋಡಿದ್ದೇವೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿಯಾದಾಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. 'ಸತ್ಯದರ್ಶಿನಿ' ಅನ್ನುವ ಪುಸ್ತಕ ಹಿಂದೂ ದೇವರುಗಳನ್ನು ಅವಹೇಳನ ಮಾಡಿದೆ ಅನ್ನುವುದು ಆಗ ದೊಡ್ಡ ವಿವಾದವಾಗಿತ್ತು. ಪುಸ್ತಕಕ್ಕೆ ಉತ್ತರ ಕಲ್ಲು ದೊಣ್ಣೆ ಅಲ್ಲವೇ ಅಲ್ಲ. ಆದರೆ ಪುರಾಣದಿಂದ ಒಂದು ಪ್ರಸಂಗ ಕಿತ್ತು, ಅದು ಯಾವ ಕಥೆಯ ಯಾವ ಭಾಗ ಅನ್ನುವುದನ್ನು ಮುಚ್ಚಿಟ್ಟು, ನೋಡಿ ನಿಮ್ಮ ದೇವರು ಹೀಗೆ ಅನ್ನುವ ಕೆಲಸವನ್ನು ನಮ್ಮವರು ಯಾರು ಮಾಡಿದರೂ ಅದು ತಪ್ಪೇ. ನಮ್ಮ ಗ್ರಂಥಕ್ಕೆ ಸಂದರ್ಭ ಬೇಕು, ಪಕ್ಕದವರ ಗ್ರಂಥಕ್ಕೆ ಬೇಡ ಅನ್ನುವುದು ಯಾವ ನ್ಯಾಯ?

"ಸಂದರ್ಭ ಸಂದರ್ಭ ಅಂತ ಹೇಳಿ ಕೆಟ್ಟದ್ದನ್ನೆಲ್ಲ ತೊಳೆದುಬಿಡ್ತೀರಿ" ಅಂತ ಗೆಳೆಯ ಒಮ್ಮೆ ಅಂದಿದ್ದ. ಒಳ್ಳೆ ಪ್ರಶ್ನೆ. ಸಂದರ್ಭ ಅನ್ನುವುದು ಬಟ್ಟೆ ಸೋಪಲ್ಲ. ಎಷ್ಟೋ ಸಲ ಹಿಂದೆ ಮುಂದೆ ಓದಿದರೆ ಮಾತು ಇನ್ನೂ ಖಾರವಾಗುತ್ತದೆ, ವಿಧವೆಯ ಕಾಸಿನ ಕಥೆ ಆದ ಹಾಗೆ. 137ನೇ ಕೀರ್ತನೆಯ ಕೊನೆಯಲ್ಲಿ ವೈರಿಗಳ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತಿದೆ. ಊರು ಸುಟ್ಟು, ಸೆರೆಯಾಗಿ, ಬಾಬಿಲೋನಿನ ನದಿ ದಂಡೆಯಲ್ಲಿ ಕೂತು ಅಳುವವರ ಬಾಯಿಂದ ಬಂದದ್ದು ಅಂತ ಗೊತ್ತಾದ ಮೇಲೂ ಅದು ಘೋರವೇ. ಆದರೆ ಅದು ಬೆಂದ ಮನುಷ್ಯರ ಕೂಗು, ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸದ ಪಟ್ಟಿಯಲ್ಲ ಅನ್ನುವುದಾದರೂ ತಿಳಿಯುತ್ತದೆ. ಆಳುಗಳು ಯಜಮಾನರಿಗೆ ವಿಧೇಯರಾಗಿರಬೇಕು ಅನ್ನುವ ಎಫೆಸ 6ನೇ ಅಧ್ಯಾಯದ ಮಾತು ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ನುಂಗಬೇಕು ಅಂತಲೂ ಇಲ್ಲ. ಸಂದರ್ಭ ಓದಿ ಒಪ್ಪದೇ ಇರುವುದಕ್ಕೂ, ಓದದೆ ಬೈಯುವುದಕ್ಕೂ ವ್ಯತ್ಯಾಸ ಇದೆ.

ನಾನೇನು ದೊಡ್ಡ ಸಾಚಾ ಅಲ್ಲ. ಎಂಜಿನಿಯರಿಂಗ್‌ನಲ್ಲಿ ಎಂ-3 ಪರೀಕ್ಷೆಗೆ ಹೋಗುವಾಗ ಫಿಲಿಪ್ಪಿ 4:13 ಅಂತ ಹಾಲ್ ಟಿಕೆಟಿನ ಹಿಂದೆ ಬರೆದುಕೊಂಡಿದ್ದೆ, ಎಲ್ಲವನ್ನೂ ಮಾಡಲು ಶಕ್ತನಾಗಿದ್ದೇನೆ ಅನ್ನುವ ಅರ್ಥದ ವಾಕ್ಯ. ಎಂ-3 ಹೋಯ್ತು. ಹಿಂದಿನ ಎರಡು ವಾಕ್ಯ ಓದಿದ್ದರೆ, ಪೌಲ ಸೆರೆಯಲ್ಲಿ ಕೂತು, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಬದುಕುವುದನ್ನು ಕಲಿತಿದ್ದೇನೆ ಅನ್ನುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು. ಅದು ಪಾಸಾಗುವ ವಾಕ್ಯ ಅಲ್ಲ, ಫೇಲಾದ ಮೇಲೂ ತಡೆದುಕೊಳ್ಳುವ ವಾಕ್ಯ! ಹೊಸ ವರ್ಷದ ರಾತ್ರಿ ನಾವು ಎತ್ತುವ ವಾಗ್ದಾನದ ಕಾರ್ಡುಗಳಲ್ಲಿ ಯೆರೆಮೀಯ 29:11 ಯಾರಿಗಾದರೂ ಬಂದೇ ಬರುತ್ತದೆ, ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ ಅಂತ. ಹಿಂದಿನ ವಾಕ್ಯದಲ್ಲಿ ಎಪ್ಪತ್ತು ವರ್ಷ ಆದ ಮೇಲೆ ಅಂತಿದೆ. ಅದನ್ನು ಯಾವ ಕಾರ್ಡೂ ಅಚ್ಚು ಹಾಕುವುದಿಲ್ಲ.

ಹಳ್ಳಿಯ ಜನ ಓದಿದವರಲ್ಲ, ಅವರಿಗೆ ಸಂದರ್ಭ ಗಿಂದರ್ಭ ಎಲ್ಲಿ ತಿಳಿಯುತ್ತೆ ಅಂತ ಕೆಲವರು ಹೇಳಬಹುದು. ಹರಾಜು ಮಾರುಕಟ್ಟೆಗೆ ಹೋಗಿ ನೋಡಿ. ಹೊಗೆಸೊಪ್ಪಿನ ಬೇಲಿನ ಮೇಲಿನ ಒಂದು ಎಲೆ ನೋಡಿ ಯಾರೂ ರೇಟು ಕೂಗುವುದಿಲ್ಲ. ಕೈ ಹಾಕಿ ಒಳಗಿನ ಸೊಪ್ಪು ಎಳೆದು ನೋಡುತ್ತಾರೆ. ದೊಡ್ಡಮ್ಮನೂ ಅಷ್ಟೇ. ಚಿಕ್ಕಂದಿನಲ್ಲಿ ನಾನು ಯಾರ ಮೇಲಾದರೂ ದೂರು ತಂದರೆ ಅವಳ ಮೊದಲ ಪ್ರಶ್ನೆ, "ಅವ್ನು ಹಂಗಂದ, ಸರಿ ಕಣ್ಲಾ. ಅದ್ಕೂ ಮೊದ್ಲು ನೀನೇನಂದಿದ್ದೆ?" ಇದಕ್ಕಿಂತ ದೊಡ್ಡ ಪಾಠ ಯಾವ ಸೆಮಿನರಿಯಲ್ಲೂ ಇಲ್ಲ. ಊರ ಜಗಳಕ್ಕೆ ಬಳಸುವ ಈ ಬುದ್ಧಿಯನ್ನು ದೇವರ ಪುಸ್ತಕದ ಮುಂದೆ ಚಪ್ಪಲಿ ಜೊತೆ ಹೊರಗೆ ಬಿಟ್ಟು ಹೋಗಿ ಅಂತ ನಮಗೆ ಕಲಿಸಿದವರು ಯಾರು? ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತವರ ಜೊತೆಯವರ ವರ್ಷಗಟ್ಟಲೆ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ಹೆಚ್ಚು ಕಮ್ಮಿ ಇನ್ನೂರು ವರ್ಷದಿಂದ ಪುಸ್ತಕ ನಮ್ಮ ಭಾಷೆಯಲ್ಲೇ ಇದೆ. ಅವರು ಅಷ್ಟು ಕಷ್ಟಪಟ್ಟದ್ದು ನಾವು ಒಂದೊಂದೇ ಸಾಲು ಹರಿದು ಹಂಚಲಿ ಅಂತಲ್ಲ.

ಕೊನೆಗೊಂದು ಮಾತು. ಬೈಬಲ್‌ನಲ್ಲೇ ಒಬ್ಬ ಹೀಗೆ ಸಂದರ್ಭ ಬಿಟ್ಟು ವಾಕ್ಯ ಎತ್ತಿ ಹೇಳುತ್ತಾನೆ. ಮತ್ತಾಯನ 4ನೇ ಅಧ್ಯಾಯದಲ್ಲಿ, ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ ಅಂದವನು. ಎತ್ತಿದ್ದು 91ನೇ ಕೀರ್ತನೆಯಿಂದ, 11 ಮತ್ತು 12ನೇ ವಾಕ್ಯ. 13ನೇಯದನ್ನು ಹೇಳಲಿಲ್ಲ. ಅದರಲ್ಲಿ ಹಾವನ್ನು ಕಾಲ ಕೆಳಗೆ ತುಳಿಯುವ ಮಾತು ಬರುತ್ತದೆ. ಆ ಮಹಾನುಭಾವ ಯಾರು ಅಂತ ಬೈಬಲ್ ಓದಿದವರಿಗೆ ಗೊತ್ತು, ಸೈತಾನ. ಒಂಟಿ ವಾಕ್ಯ ಫಾರ್ವರ್ಡ್ ಮಾಡುವವರು, ಭಕ್ತರಾಗಲಿ ವಿರೋಧಿಗಳಾಗಲಿ, ತಾವು ಯಾರ ಸಾಲಿನಲ್ಲಿ ನಿಂತಿದ್ದೇವೆ ಅಂತ ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಹೋದ ಭಾನುವಾರ ಊರಿಗೆ ಹೋಗಿದ್ದೆ. ದೊಡ್ಡಮ್ಮನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಯಾಕೋಬನ ಪತ್ರ ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ. ಯೋಬನ ಹೆಸರು ಬಂದಾಗ ನಿಲ್ಲಿಸಿದಳು. ಅವನ ಕಥೆ ಪೂರ್ತಿ ಹೇಳು ಅಂದಳು. ಹೇಳಿದೆ. ಬ್ಯಾಂಡೇಜು ಬಿಚ್ಚಿದ ಕಾಲು ನೋಡಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಂಗಾರೆ ಅವ್ನು ಇದ್ನ ನಂಗೆ ಯಾಕ್ ಓದ್ಲಿಲ್ಲ?" ಅಂದಳು.

ಅಡುಗೆಮನೆಯಿಂದ ನೀರು ತಂದುಕೊಟ್ಟೆ. ಮಾತ್ರೆ ನುಂಗಿ, ಶಿಲುಬೆಯ ಗುರುತು ಹಾಕಿಕೊಂಡಳು. ಅವಳ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಮುಂದಿನ ಸಲ ಯಾರಾದರೂ ನಿಮಗೆ ಒಂದೇ ವಾಕ್ಯ ತಂದು ಕೊಟ್ಟರೆ, ಅದು ಆಶೀರ್ವಾದದ್ದಾಗಲಿ ಬೈಗುಳದ್ದಾಗಲಿ, ಹಿಂದಿನದನ್ನು ಯಾಕೆ ಓದಲಿಲ್ಲ ಅಂತ ಕೇಳಿ ನೋಡಿ.